ಕಂಬಳಿ ವೀರ ಬಿದ್ದ ಮೇಲೆ

ಪಕ್ಕದ ಹಾಸಿಗೆಯ ಮೇಲೆ ಬಿಸಿಲು ಬಿದ್ದಿದೆ, ಕಿಟಕಿಯ ಸರಳುಗಳ ನಾಲ್ಕು ಕರಿ ಗೆರೆ ಸಮೇತ, ಚಾದರಕ್ಕೆ ಒಂದು ಸುಕ್ಕೂ ಇಲ್ಲ, ಸೋಮವಾರವೂ ಇರಲಿಲ್ಲ, ಇವತ್ತು ಗುರುವಾರ, ಇವತ್ತೂ ಇಲ್ಲ — ಯಮನೂರಪ್ಪ ಬಂದಿಲ್ಲ, ಎರಡು ಸರ್ತಿ ತಪ್ಪಿಸ್ಯಾನ, ಎಂದು ಕುಬ್ರಾ ಬೇಗಂ ಆ ಬಿಸಿಲನ್ನೇ ನೋಡುತ್ತ ಲೆಕ್ಕ ಹಾಕಿದಳು, ಹೋದ ಗುರುವಾರದಿಂದ ಈ ಗುರುವಾರಕ್ಕೆ ಏಳು ದಿನ, ಏಳು ದಿನ ರಕ್ತ ತೊಳೆಯದೆ ಬಿಟ್ಟರೆ ಮೈಯಲ್ಲಿ ನೀರು ಎಲ್ಲೆಲ್ಲಿ ಹೋಗಿ ನಿಲ್ಲುತ್ತದೆ ಅನ್ನುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ಎದೆಯೊಳಗೆ, ಮಲಗಿದರೆ ಉಸಿರು ಕಟ್ಟುತ್ತದೆ, ಕೂತೇ ನಿದ್ದೆ ಮಾಡಬೇಕಾಗುತ್ತದೆ — ಅವಳ ಎಡಗೈಯಲ್ಲಿ ಎರಡು ಸೂಜಿ, ಒಂದರಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಇನ್ನೊಂದರಿಂದ ತಿರುಗಿ ಬರುತ್ತದೆ, ಎರಡು ವರ್ಷದಿಂದ ಹೀಗೇ, ರಾಯಚೂರಿನ ಈ ಆಸ್ಪತ್ರೆಯ ಈ ಕೋಣೆ, ಸೋಮವಾರ ಗುರುವಾರ, ಮುಂಜಾನೆ ಏಳರಿಂದ ಹನ್ನೊಂದು, ಕಿಟಕಿಯ ಹಾಸಿಗೆ ಮಲ್ಲಟದ ಕುರಿಗಾರ ಯಮನೂರಪ್ಪನದು, ಅದರ ಪಕ್ಕದ್ದು ತನ್ನದು, ಎದುರಿನದು ಆದೆಮ್ಮನದು, ಆಗಿತ್ತು, ಈಗ ಅಲ್ಲಿ ಯಾರೋ ಹೊಸ ಮಾಸ್ತರ ಮಲಗಿದ್ದಾನೆ, ಮುಖದ ಮೇಲೆ ಟವೆಲ್ ಹಾಕಿಕೊಂಡು. ಪ್ರಭುರಾಜಾ, ಫೋನ್ ಹಚ್ಚಿದ್ದೇನಪಾ, ಎಂದು ಕೇಳಿದಳು, ಸೂಜಿ ಚುಚ್ಚುವ, ಯಂತ್ರ ನೋಡಿಕೊಳ್ಳುವ ಹುಡುಗ ಪ್ರಭುರಾಜ ಅಲ್ಲಿಂದಲೇ ಹಚ್ಚೀನ್ರಿ ಅಂದ, ಅವರ ಮನಿಯಾಕಿ ಎತ್ತಿದ್ರು, ಅವರು ಒಲ್ಲೆ ಅಂತಾರ ಅಂದ್ರು, ಅಷ್ಟs. ಒಲ್ಲೆ ಅಂತಾರ. ಆ ಎರಡು ಮಾತು ಕೊಳವೆಯಲ್ಲಿ ರಕ್ತದ ಜೊತೆ ಸುತ್ತಿ ಸುತ್ತಿ ಮತ್ತೆ ಅವಳ ಕೈಗೇ ಬಂದವು, ಒಲ್ಲೆ ಅಂತಾರ, ಯಾಕೆ ಒಲ್ಲೆ ಅಂತಾರ, ಹೋದ ಗುರುವಾರದ ತನಕ ಸರಿ ಇದ್ದ ಮನುಷ್ಯ, ಹೋದ ಗುರುವಾರ ತಾನು ಮಾಡಿದ್ದೇನು — ತಾನು ಕಂಬಳಿ ವೀರನನ್ನು ಕೊಂದಳು.

ಕೊಲ್ಲಬೇಕು ಅಂತ ಬಂದಿರಲಿಲ್ಲ. ಅವಳು ಹೇಳುತ್ತ ಬಂದ ಕಥೆಯ ಯುದ್ಧ ಇನ್ನೂ ನಡುವೆ ಇತ್ತು, ಇಪ್ಪತ್ತೈದು ವರ್ಷದಿಂದ ಅದು ನಡುವೆಯೇ ಇದೆ. ಮ್ಯಾಲಿನವ ಲೋಕ ಮಾಡಿ ಮುಗಿಸಿ ಬೆರಳಿಗೆ ಹತ್ತಿದ ಕೆಸರು ಕೊಡವಿದ, ಎರಡು ಹನಿ ಬಿತ್ತು, ಆ ಎರಡು ಹನಿಯಿಂದ ಎದ್ದವರು ಅಲ್ಲೋಲ, ಕಲ್ಲೋಲ, ಅಣ್ಣತಮ್ಮ, ಅಲ್ಲೋಲ ಕಾಲಿಟ್ಟಲ್ಲಿ ಗೆರೆ ಅಳಿಯುತ್ತದೆ, ಹೊಲದ ಬದು, ಮನೆಯ ಹೊಸ್ತಿಲು, ಹಗಲಿಗೂ ಕತ್ತಲಿಗೂ ನಡುವಿನ ಗೆರೆ, ತಮ್ಮ ಕಲ್ಲೋಲ ಹಿಂದಿನಿಂದ ಬಂದು ಗೆರೆ ಅಳಿದದ್ದನ್ನೆಲ್ಲ ಕಲಸುತ್ತಾನೆ, ಉಪ್ಪು ಸಿಹಿಯಾಗುತ್ತದೆ, ಬೆಂಕಿ ಒದ್ದೆಯಾಗುತ್ತದೆ, ತಾಯಿಗೆ ತನ್ನ ಕೂಸು ಯಾವುದು ಅನ್ನುವುದು ಮರೆಯುತ್ತದೆ, ಕೃಷ್ಣೆ ದೇವದುರ್ಗದ ಗುಡ್ಡ ಹತ್ತಿ ಹಿಂದಕ್ಕೆ ಹರಿಯುತ್ತಾಳೆ, ತುಂಗಭದ್ರೆ ಮಾನ್ವಿಯ ಬಾವಿಗಳೊಳಗೆ ಅಡಗಿ ಕೂಡುತ್ತಾಳೆ. ಆಗ ಮ್ಯಾಲಿನವ ರಾಜರನ್ನು ಕರೆಯಲಿಲ್ಲ, ಅವರು ಅಲ್ಲೋಲನಿಗೆ ಮೊದಲೇ ಶರಣಾಗಿದ್ದರು, ದುಡಿಯುವ ಮಂದಿಯ ಕೈ ಹಿಡಿದು ಎಬ್ಬಿಸಿದ, ಗಗನಮಲ್ಲ ಅಂತ ಒಬ್ಬ ಹಮಾಲ, ಮುಗಿಲಿನ ಮೂಲೆಗೆ ಹೆಗಲು ಕೊಟ್ಟು ನಿಂತವನು, ಬಿಜಲಿ ಅಂತ ಒಬ್ಬ ಹುಡುಗಿ, ಮಿಂಚಿನ ಕುದುರೆ ಏರಿದವಳು, ಅದರ ಗೊರಸು ತಾಕಿದಲ್ಲಿ ಅಳಿದ ಗೆರೆ ಮತ್ತೆ ಸುಟ್ಟು ಮೂಡುತ್ತದೆ, ಮತ್ತೆ ತಕ್ಕಡಿ ಅಜ್ಜಿ, ಅವಳು ತೂಗಿ ಕೊಟ್ಟ ಉಪ್ಪು ಉಪ್ಪೇ ಆಗುತ್ತದೆ, ಅವಳು ತೂಗಿ ಕೊಟ್ಟ ಕೂಸನ್ನು ತಾಯಿ ಗುರುತು ಹಿಡಿಯುತ್ತಾಳೆ. ಪ್ರಭುರಾಜ ಒಮ್ಮೆ ಹತ್ತಿರ ಬಂದು, ಬೇಗಂರೀ, ಆ ಅಲ್ಲೋಲ ಅಂದ್ರ ನಮ್ಮ ಈ ಕಿಡ್ನಿ ರೋಗಾನ ಅಲ್ಲೇನ್ರಿ, ಅಂದಿದ್ದ ದೊಡ್ಡ ಗುಟ್ಟು ಕಂಡು ಹಿಡಿದವನ ಹಾಗೆ, ಅವಳು ಅಂದಿದ್ದಳು, ಕಿಡ್ನಿ ಕಿಡ್ನಿ, ರಾಕ್ಷಸ ರಾಕ್ಷಸ, ನಿನ್ನ ಕೆಲಸ ನೀ ನೋಡಪಾ. ಎದುರಿನ ಹಾಸಿಗೆಯಿಂದ ಆದೆಮ್ಮ ನಕ್ಕಿದ್ದಳು, ಆದೆಮ್ಮ ನಕ್ಕರೆ ಕೊಳವೆಗಳೆಲ್ಲ ಅಲುಗಾಡುತ್ತಿದ್ದವು, ಯಂತ್ರ ಕೂಗಿಕೊಳ್ಳುತ್ತಿತ್ತು.

ಆ ಯುದ್ಧ ಹುಟ್ಟಿದ್ದು ಬಳೆಯಿಂದ. ಗಂಡ ಶಾಮೀದಸಾಬ ರಾಯಚೂರಿನ ತೀನ್ ಕಂದೀಲ್ ವೃತ್ತದ ಹತ್ತಿರ ಬಳೆ ಅಂಗಡಿಯಲ್ಲಿ ಕೂಡುತ್ತಿದ್ದ, ಹಳ್ಳಿ ತಿರುಗುವುದು ಅವಳ ಪಾಲಿಗೆ ಬಂತು, ಹೆಗಲ ಮೇಲೆ ಬಳೆಯ ಮಲಾರ, ಕಲ್ಮಲ, ಸಿರವಾರದ ಸಂತೆ, ದೇವದುರ್ಗ, ಅವಳ ತವರು ಮಾನ್ವಿ, ಎಲ್ಲಿ ಹೋದರೂ ಬಳಿ ಬೂಬವ್ವ ಬಂದಳು ಅಂತ ಹೆಣ್ಣುಮಕ್ಕಳು ಕಟ್ಟೆಗೆ ಬರುತ್ತಿದ್ದರು, ಕಳೆ ತೆಗೆದು ಹತ್ತಿ ಬಿಡಿಸಿ ಗಟ್ಟಿಯಾದ ಕೈಗಳು, ಬಳೆ ಮಾತ್ರ ಬಿಗಿಯಾಗಿಯೇ ಇರಬೇಕು, ಅಂಗೈ ಹಿಚುಕಬೇಕು, ಹೆಬ್ಬೆರಳಿನ ಬುಡವನ್ನು ಒಳಕ್ಕೆ ಮಡಿಚಬೇಕು, ನೋವಿಗೆ ಕೈ ಎಳೆದುಕೊಂಡರೆ ಗಾಜು ಒಡೆದು ರಕ್ತ, ಅದಕ್ಕೇ ಅವಳು ಹೇಳುತ್ತಿದ್ದಳು, ಅಲ್ಲಿ ಏನಾತು ಗೊತ್ತೇನ ಯವ್ವಾ, ಬಿಜಲಿ ಕುದುರಿ ಮ್ಯಾಲಿಂದ ಕೆಳಗ ನೋಡ್ತಾಳ, ನೆಲಾನೇ ಇಲ್ಲ — ಕೈ ಚಾಚಿದ ಹೆಣ್ಣುಮಗಳು ಕಣ್ಣು ಅಗಲಿಸಿ ಆಮ್ಯಾಲೆ ಅನ್ನುತ್ತಿದ್ದಳು, ಅಷ್ಟರಲ್ಲಿ ಬಳೆ ಗೆಣ್ಣು ದಾಟಿ ಮಣಿಕಟ್ಟಿಗೆ ಬಂದಿರುತ್ತಿತ್ತು. ಯಾರ ದೇವರು ಆ ಮ್ಯಾಲಿನವ ಅಂತ ಒಬ್ಬಳೂ ಕೇಳಲಿಲ್ಲ, ಅವಳೂ ಹೇಳಲಿಲ್ಲ, ಒಂದೊಂದು ಕೈಗೆ ಒಂದೊಂದು ಕಾಳಗ, ಮುಂದಿನ ಸಂತೆಗೆ ಬಂದಾಗ ಕೈ ಚಾಚಿ ಮೊದಲು ಅದನ್ನೇ ಕೇಳುತ್ತಿದ್ದರು, ಗಗನಮಲ್ಲ ಹೆಗಲು ಬದಲು ಮಾಡಿದನೇನು ಬೂಬವ್ವ. ಶಾಮೀದಸಾಬ ಇರುವ ತನಕ ಅನ್ನುತ್ತಿದ್ದ, ಇಲ್ಲದ ಯುದ್ಧ ಹೇಳ್ಕೋತ ತಿರುಗೂದು ನಮ್ಮಂಥವರಿಗೆ ಒಪ್ಪತದೇನು, ಅವಳು ಅನ್ನುತ್ತಿದ್ದಳು, ಒಪ್ಪತದ. ಈ ಆಸ್ಪತ್ರೆಗೆ ಮೊದಲ ಸಲ ಬಂದ ದಿನ ಪಕ್ಕದ ಹಾಸಿಗೆಯಲ್ಲಿ ಬಿಳಿ ಮೀಸೆಯ ಅಷ್ಟೆತ್ತರದ ಗಂಡಸು ಸೂಜಿ ನೋಡಿ ಕೈ ಎಳೆದುಕೊಂಡ, ಪ್ರಭುರಾಜ ಮತ್ತೆ ಹಿಡಿದ, ಮತ್ತೆ ಎಳೆದುಕೊಂಡ, ಆಗ ಅವಳ ಬಾಯಿ ತಾನಾಗಿಯೇ ಶುರು ಮಾಡಿತು, ಅಲ್ಲಿ ಏನಾತು ಗೊತ್ತೇನಣ್ಣ, ಅಂತ, ಅವನು ಇತ್ತ ತಿರುಗಿದ, ಸೂಜಿ ಒಳಗೆ ಹೋಗಿತ್ತು. ನಾಲ್ಕು ತಾಸು ಕೇಳಿ ಹೋಗುವಾಗ ಅವನು ಒಂದೇ ಮಾತು ಕೇಳಿದ, ಬೂಬವ್ವ, ಇಷ್ಟು ದೊಡ್ಡ ಯುದ್ಧದಾಗ ಒಂದು ಕುರಿನೂ ಇಲ್ಲೇನು.

ಅವನಿಗಾಗಿ ಬಂದವನು ಕಂಬಳಿ ವೀರ. ಮುಂದಿನ ಸೋಮವಾರವೇ ಬಂದ, ಗುಡ್ಡದ ಓರೆಯಲ್ಲಿ, ಹೆಗಲಿಗೆ ಕರಿ ಕಂಬಳಿ, ಕೈಯಲ್ಲಿ ಕೋಲು, ಹಿಂದೆ ಕುರಿ ಹಿಂಡು, ಕತ್ತಿ ಇಲ್ಲ, ಗುರಾಣಿ ಇಲ್ಲ, ಕಲ್ಲೋಲ ಕಲಸಿ ಬಿಟ್ಟ ಪ್ರಾಣಿಗಳು ನೂರು ಕಾಲೋ ಸಾವಿರ ಬಾಯೋ ಗೊತ್ತಾಗದ ಹಾಗೆ ಬರುತ್ತಿದ್ದರೆ ಗಗನಮಲ್ಲನೇ ಹಿಂದೆ ಸರಿದ, ಕಂಬಳಿ ವೀರ ಸರಿಯಲಿಲ್ಲ, ಅವನ್ನು ಹೊಡೆಯಲೂ ಇಲ್ಲ, ಸುತ್ತು ಹಾಕಿದ, ಬಲಕ್ಕೆ ಹೋದವನ್ನು ಎಡಕ್ಕೆ ತಿರುಗಿಸಿದ, ಸಂಜೆಯೊಳಗೆ ರಾಕ್ಷಸ ಸೈನ್ಯ ಮುಳ್ಳಿನ ಹಟ್ಟಿಯೊಳಗೆ ಕೂಡಿತ್ತು, ಬಾಗಿಲಿಗೆ ಅವನು ಕಂಬಳಿ ಹಾಸಿ ಮಲಗಿದ. ಯಮನೂರಪ್ಪ ಆ ದಿನ ಮೀಸೆಯೊಳಗೇ ನಕ್ಕ. ಆಮೇಲೆ ಎರಡು ವರ್ಷ ಅವನು ಒಂದು ದಿನವೂ ತಪ್ಪಿಸಲಿಲ್ಲ, ಮಲ್ಲಟದಿಂದ ಮೊದಲ ಬಸ್ಸು, ಸಿರವಾರಕ್ಕೆ ಬಂದು ಇನ್ನೊಂದು, ಮೊದಮೊದಲು ಪ್ರತಿ ಸಲ ಹೋಗುವಾಗ ಇದೇ ಕಡೀದು, ಇನ್ನ ಬರಂಗಿಲ್ಲ, ಈ ನಳಿಗಿ ಬದುಕಿಗಿಂತ ಸಾಯೂದs ಚಲೋ ಅನ್ನುತ್ತಿದ್ದವನು, ಅವಳು ಪ್ರತಿ ಸಲ ಕಂಬಳಿ ವೀರನನ್ನು ಯಾವುದೋ ಕಮರಿಯ ತುದಿಗೆ ತಂದು ನಿಲ್ಲಿಸಿ ಬಾಯಿ ಮುಚ್ಚುತ್ತಿದ್ದಳು, ಅವನು ಬರುತ್ತಿದ್ದ. ಹೋದ ವಾರ ಆದೆಮ್ಮ ಮಂಗಳವಾರ ಸತ್ತಳು. ಗುರುವಾರ ಬಂದು ನೋಡಿದರೆ ಎದುರಿನ ಹಾಸಿಗೆ ತೊಳೆದು ಒಣಗಿತ್ತು, ಪ್ರಭುರಾಜ ತಲೆ ತಗ್ಗಿಸಿ ಸೂಜಿ ಹಾಕಿದ, ಯಾರ ಮೇಲೆ ಅಂತ ತಿಳಿಯದ ಸಿಟ್ಟಿನಲ್ಲಿ ಅವಳು ಬಾಯಿ ತೆಗೆದಳು, ಕಲ್ಲೋಲ ನೆಲದೊಳಗಿಂದ ಬಂದ, ಕಂಬಳಿ ವೀರನ ಪಾದ ಹಿಡಿದ, ಕಾಲಿನ ಎಲುಬು ನೀರಾಯಿತು, ಸೊಂಟದ್ದು ನೀರಾಯಿತು, ಅವ ಕೊನೆಗೆ ಕಂಬಳಿ ತನ್ನ ಮೇಲೆ ತಾನೇ ಎಳಕೊಂಡ, ಕಂಬಳಿ ನೆಲಕ್ಕೆ ಸಮ ಆಯಿತು. ಹೇಳಿ ಮುಗಿಸಿ ಅತ್ತ ತಿರುಗಿ ಮಲಗಿದಳು. ಯಮನೂರಪ್ಪ ಹನ್ನೊಂದಕ್ಕೆ ಸೂಜಿ ತೆಗೆದ ಜಾಗಕ್ಕೆ ಹತ್ತಿ ಒತ್ತಿಕೊಂಡು, ಚಪ್ಪಲಿ ಹುಡುಕಿ, ಹೋದ.

ಬೇಗಂರೀ, ಹನ್ನೊಂದಾತು, ಎಂದು ಪ್ರಭುರಾಜ ಬಂದು ಸೂಜಿ ತೆಗೆದ, ಅವಳು ಹತ್ತಿ ಒತ್ತಿಕೊಂಡು ಎದ್ದು ಕೂತಳು, ಕೋಣೆ ಒಮ್ಮೆ ತಿರುಗಿ ನಿಂತಿತು, ಸಂಜಿ ಪಾಳಿಯೊಳಗ ಯಂತ್ರ ಖಾಲಿ ಅದನೇನು, ಎಂದು ಕೇಳಿದಳು, ಒಂದು ಅದರಿ, ಐದರೊಳಗ ಬಂದ್ರ ಹಾಕ್ತೀನಿ, ಆದ್ರ ಯಾರು ಕರಕೊಂಡು ಬರ್ತಾರ ಅವರ್ನ, ಅಂದ, ಮೊದಲು ನೀವು ಮನಿಗಿ ಹೋಗಿ ಮಲಗ್ರಿ, ಬಿಪಿ ತೊಂಬತ್ತಕ್ಕ ಇಳದದ, ಅಂದ. ಮಲಗುವುದು ಇದ್ದೇ ಇದೆ, ಎಂದುಕೊಂಡು ಗೋಡೆ ಹಿಡಿದು ಹೊರಗೆ ಬಂದಳು. ಮಗ ಶಾಕಿರ್ ತನ್ನ ಮೂರು ಗಾಲಿಯ ಟಂಟಂ ನಿಲ್ಲಿಸಿಕೊಂಡು ಬೇವಿನ ಕೆಳಗೆ ಕಾಯುತ್ತಿದ್ದ, ಮಲ್ಲಟಕ್ಕ ನಡಿ, ಅಂದಾಗ ಕೀಲಿ ತಿರುಗಿಸುತ್ತಿದ್ದ ಕೈ ನಿಂತಿತು, ಕೈಕು ಅಮ್ಮೀ, ಮಲ್ಲಟಕ್ಕ ಯಾಕ, ನಿನ್ನ ಮುಖ ನೋಡ್ಕೊಂಡೀಯೇನು, ಸುಣ್ಣ ಬಳದಂಗ ಅದ. ನೋಡಿಕೊಂಡಿಲ್ಲ, ನೋಡಿಕೊಳ್ಳುವುದೂ ಇಲ್ಲ, ನೀ ಒಲ್ಲೆ ಅಂದ್ರ ನಾ ಬಸ್ಸಿಗಿ ಹೋಗ್ತೀನಿ, ಅಂದಳು, ತಾಯಿ ಹೇಳಿದರೆ ಮಾಡುವವಳು ಅನ್ನುವುದು ಶಾಕಿರನಿಗೆ ಗೊತ್ತು, ದಿಂಬು ಇಲ್ಲದ್ದಕ್ಕೆ ತನ್ನ ಅಂಗಿ ಮಡಿಚಿ ಅವಳ ಸೊಂಟಕ್ಕೆ ಕೊಟ್ಟ, ಟಂಟಂ ಹೊರಟಿತು. ಕಲ್ಮಲ ದಾಟಿತು, ಇಲ್ಲಿ ಒಬ್ಬ ಮುದುಕಿ ಇದ್ದಳು, ಬಲಗೈಗೆ ಹಸಿರು ಎಡಗೈಗೆ ಕೆಂಪು ಬೇಡುತ್ತಿದ್ದಳು, ಎರಡೂ ಕಡಿ ಸೈನ್ಯ ನನ್ನ ಕೈಯಾಗs ಇರಲಿ ಬೂಬವ್ವ ಅನ್ನುತ್ತಿದ್ದಳು — ಕಾಲಿನ ಮೀನಖಂಡ ಹಿಡಿದುಕೊಂಡಿತು, ರಕ್ತ ತೊಳೆದ ದಿನ ಹೀಗೇ, ನರ ಹಗ್ಗ ಹೊಸೆದ ಹಾಗೆ ತಿರುಚುತ್ತದೆ, ಅವಳು ಅಂಗಾಲನ್ನು ಟಂಟಂನ ಕಬ್ಬಿಣಕ್ಕೆ ಒತ್ತಿ ನಿಲ್ಲಿಸಿದಳು, ಒತ್ತು, ನೋಡೋಣ, ನೀ ಗೆಲ್ಲತೀಯೋ ನಾನೋ — ಎಡಗೈಯ ನರ ಗುಂಯ್ ಅನ್ನುತ್ತಿತ್ತು, ಡಾಕ್ಟರು ಕೊಯ್ದು ಜೋಡಿಸಿದ ನರ, ಆ ಕೈಗೆ ಬಳೆ ಇಡುವಂತಿಲ್ಲ, ಬಿಗಿಯಾದದ್ದು ಏನೂ ಇಡುವಂತಿಲ್ಲ, ಬಳಿ ಬೂಬವ್ವನ ಒಂದು ಕೈ ಬೋಳು, ಇರಲಿ, ಇನ್ನೊಂದು ಕೈಗೆ ಹದಿನೆಂಟು ಹಾಕಿದ್ದಾಳೆ. ಹೋಗಿ ಏನು ಹೇಳುವುದು, ಅವ ಸತ್ತಿಲ್ಲ, ಮೂರ್ಛೆ ಹೋಗಿದ್ದ, ತಕ್ಕಡಿ ಅಜ್ಜಿ ಬಂದು ನೀರನ್ನು ತೂಗಿ ಎಲುಬು ಮಾಡಿದಳು ಅಂದರೆ ಆಯಿತು, ನಡೆಯುತ್ತದೆ, ತನ್ನ ಯುದ್ಧ ತನ್ನ ಬಾಯಿ, ಯಾರು ಕೇಳುತ್ತಾರೆ. ಸಿರವಾರದಲ್ಲಿ ಭತ್ತದ ಲಾರಿಗಳು ರಸ್ತೆ ತುಂಬ, ಶಾಕಿರ್ ಹಾರ್ನ್ ಹೊಡೆದ, ಇಳಿದು ಬೈದ, ಮತ್ತೆ ಹತ್ತಿದ, ಅವಳಿಗೆ ಬಾಯಿ ಒಣಗಿತ್ತು, ಬಾಟಲಿಯಿಂದ ಎರಡು ಗುಟುಕು, ಇಡೀ ದಿನಕ್ಕೆ ಅರ್ಧ ಲೀಟರು, ಎರಡೇ ಗುಟುಕು.

ಮಲ್ಲಟದಲ್ಲಿ ಯಮನೂರಪ್ಪನ ಮನೆ ಕೇಳಿದರೆ ಎಲ್ಲರೂ ತೋರಿಸಿದರು. ಅಂಗಳದಲ್ಲಿ ಹೊರಸು, ಹೊರಸಿನ ಮೇಲೆ ಅವನು, ಮಲಗಿಲ್ಲ, ಗೋಡೆಗೆ ಒರಗಿ ಕೂತಿದ್ದಾನೆ, ಅಯ್ಯೋ ಕೂತೇ ಇದ್ದಾನೆ, ಪಾದ ಊದಿ ಬೆರಳುಗಳ ನಡುವೆ ಸಂದಿಯೇ ಇಲ್ಲ, ಕಣ್ಣಿನ ಕೆಳಗೆ ಚೀಲ, ಉಸಿರಿಗೆ ಒಮ್ಮೆ ಭುಜ ಮೇಲೆ ಏಳುತ್ತದೆ. ಹೆಂಡತಿ ಯಂಕಮ್ಮ ಒಳಗಿನಿಂದ ಬಂದಳು, ಗಿಡ್ಡ ಹೆಂಗಸು, ಯಾರು ಅಂತ ಕೇಳುವ ಮೊದಲೇ ಹೆಗಲ ಮೇಲಿನ ಸೆರಗು, ಒಂದು ಕೈ ಬೋಳು ನೋಡಿ ತಿಳಿದುಕೊಂಡಳು, ಬೂಬವ್ವ ಹೌದಲ್ರೀ, ದಿನಾ ನಿಮ್ಮ ಮಾತs, ಬರ್ರಿ, ನೀವರ ಹೇಳ್ರಿ ಯಕ್ಕಾ, ಮಗ ಆಂಜನೇಯ ಹೇಳಿ ಹೇಳಿ ಸಾಕಾಗಿ ಕುರಿ ಹೊಡಕೊಂಡು ದೇವದುರ್ಗದ ಕಡಿ ಹೋದ. ಅವಳ ಎರಡೂ ಕೈಯಲ್ಲಿ ಹಸಿರು ಗಾಜು, ಡಜನ್ ಡಜನ್, ಯಾವ ಅಳತೆ ಅಂತ ಕುಬ್ರಾಳ ಕಣ್ಣು ತಾನಾಗಿಯೇ ನೋಡಿತು, ನೋಡಿ ಬೇರೆ ಏನೋ ನೆನೆಯಿತು, ಅವನು ಹೋದರೆ ಆ ಬಳೆಗಳಿಗೆ ಏನಾಗುತ್ತದೆ ಅನ್ನುವುದು, ಕಲ್ಲು, ಮಣಿಕಟ್ಟು — ಬ್ಯಾಡ, ಇಷ್ಟು ಕೈಗೆ ಬಳೆ ಇಟ್ಟವಳು ನಾನು, ಇವನ್ನು ಒಡೆಯಲು ಬಿಡುವುದಿಲ್ಲ, ಎಂದು ಹೊರಸಿನ ತುದಿಗೆ ಕೂತಳು. ಇಷ್ಟು ದೂರ ಯಾಕ ಬಂದಿ ಬೂಬವ್ವ, ಅಂದ ಯಮನೂರಪ್ಪ, ಎರಡು ಮಾತಿಗೆ ಒಂದು ಉಸಿರು. ನೀವ್ಯಾಕ ಬರಲಿಲ್ಲ ಅಂತ ಕೇಳಾಕ ಬಂದೀನಿ. ಸಾಕಾತು, ಅಂದ ಅವನು. ಏನು ಸಾಕಾತು. ಅವ ಸತ್ತನಲ್ಲ, ಅಂದ, ಚಂದ ಸತ್ತ, ತನ್ನ ಕಂಬಳಿ ತಾನs ಎಳಕೊಂಡು, ಯಾರಿಗೂ ಭಾರ ಆಗಲಾರದ, ನಂಗೂ ಅಷ್ಟs ಸಾಕು. ಯಂಕಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಳು. ಅಂದರೆ ಹೌದು, ತಾನೇ, ತನ್ನ ಬಾಯಿಯೇ, ಕುಬ್ರಾ ಬೇಗಂಗೆ ದಾರಿಯುದ್ದಕ್ಕೂ ಹೊಸೆದುಕೊಂಡು ಬಂದದ್ದು ನೆನಪಾಯಿತು, ಅವ ಸತ್ತಿಲ್ಲಣ್ಣ, ಮುಂದಿಂದು ನೀವು ಕೇಳೇ ಇಲ್ಲ, ತಕ್ಕಡಿ ಅಜ್ಜಿ ಬಂದಳು, ಎನ್ನುವಷ್ಟರಲ್ಲಿ ಅವನು ಕೈ ಎತ್ತಿದ. ಸುಳ್ಳು ಹೇಳಬ್ಯಾಡ, ಅಂದ, ಎಲುಬು ನೀರಾದವ ಏಳಂಗಿಲ್ಲ, ನೀ ಹೇಳಿದ್ದು ನಾ ಕೇಳೀನಿ, ನನ್ನ ಸಲುವಾಗಿ ಅವನ್ನ ಎಬ್ಬಿಸಬ್ಯಾಡ, ಅಂವಗ ಅವಮಾನ ಆಗತದ.

ಇಪ್ಪತ್ತೈದು ವರ್ಷದಲ್ಲಿ ಯಾರೂ ಅವಳ ಯುದ್ಧವನ್ನು ಇಷ್ಟು ನಿಜ ಅಂತ ಹಿಡಿದುಕೊಂಡಿರಲಿಲ್ಲ, ಅವಳೇ ಹಿಡಿದುಕೊಂಡಿರಲಿಲ್ಲ, ನಾಚಿಕೆಯಾಯಿತು, ಸಿಟ್ಟೂ ಬಂತು, ಸರಿ, ಸತ್ತಾನ, ಅಂದಳು, ನಾನs ಕೊಂದೆ, ಆದೆಮ್ಮ ಹೋದ ಸಿಟ್ಟಿಗಿ ಕೊಂದೆ, ಖಾಲಿ ಹಾಸಿಗಿ ನೋಡಿ ತಡಕೊಳ್ಳಾಕ ಆಗಲಿಲ್ಲ. ಗೊತ್ತು, ಅಂದ ಅವನು, ನಾನೂ ಆ ಹಾಸಿಗಿನs ನೋಡ್ತಿದ್ದೆ. ಕೋಳಿಯೊಂದು ಹೊರಸಿನ ಕೆಳಗೆ ಹೋಗಿ ಬಂತು. ಟಂಟಂನ ಹತ್ತಿರ ಶಾಕಿರ್ ಗಡಿಯಾರ ನೋಡಿಕೊಂಡ. ಒಂದು ಮಾತು ಕೇಳ್ತೀನಿ ಅಣ್ಣ, ಅಂದಳು, ಇದು ಹೊಸೆದದ್ದಲ್ಲ, ನಿಜವಾಗಿ ಏಳು ದಿನದಿಂದ ತಲೆಯೊಳಗೆ ಸಿಕ್ಕಿಕೊಂಡದ್ದು, ಅವ ಸತ್ತ, ಆದ್ರ ಅವನ ಕುರಿ ಅದಾವಲ್ಲ, ಯುದ್ಧದ ನಟ್ಟನಡುವ ನಿಂತಾವ, ಒಂದು ಕಡಿ ಅಲ್ಲೋಲ, ಒಂದು ಕಡಿ ಕಲ್ಲೋಲ, ನಾ ಬಳಿ ಮಾರಿದಾಕಿ, ನನಗ ಕುರಿ ಗೊತ್ತಿಲ್ಲ, ಮುಂದ ಏನು ಮಾಡ್ತಾವ ತಿಳೀವಲ್ದು, ನಾಕು ದಿಕ್ಕಿಗಿ ಓಡಿ ಹೋದುವು ಅಂತ ಹೇಳಿ ಮುಗಿಸಿಬಿಡ್ಲೇನು. ಓಡಂಗಿಲ್ಲ, ಅಂದ ಯಮನೂರಪ್ಪ. ಯಾಕ ಓಡಂಗಿಲ್ಲ, ಸುತ್ತ ರಾಕ್ಷಸರು ಅದಾರ, ಓಡ್ತಾವ. ಓಡಂಗಿಲ್ಲ ಅಂದ್ನಲ್ಲ, ಅವನ ಬೆನ್ನು ಗೋಡೆ ಬಿಟ್ಟಿತು, ಕುರಿ ಅಂದ್ರ ಏನಂತ ತಿಳಕೊಂಡಿ ನೀ, ಬಿಸಿಲು ಸುಡುವಾಗ ನೋಡಿಲ್ಲೇನು, ಒಂದರ ಹೊಟ್ಟಿ ಕೆಳಗ ಒಂದು ತಲಿ ಹಾಕ್ತಾವ, ಎಲ್ಲಾ ತಲಿ ಒಳಗ, ಎಲ್ಲಾ ಬೆನ್ನು ಹೊರಗ, ಗುಂಡಗ ನಿಲ್ತಾವ, ಆಣೆಕಲ್ಲು ಬೀಳಲಿ, ಅಂಚಿನಾಗಿನ ಒಂದನ್ನ ತೋಳ ಎಳಕೊಂಡು ಹೋಗಲಿ, ಬಿಡಂಗಿಲ್ಲ, ಒಂದೂ ಸದ್ದು ಮಾಡಂಗಿಲ್ಲ, ಹೊರಗಿನ ಬದಿಗಿ ಒಂದು ಮುದಿ ಕುರಿ ಇರತದ, ಅದು ಮಾತ್ರ ಒಂದು ಕಿವಿ ಹೊರಗ ಇಟ್ಟಿರತದ, ದನಿ ಬರತದೇನು ಅಂತ. ಯಾರ ದನಿ, ಅವ ಸತ್ತಾನ, ಅಂದಳು. ಯಾರದರ, ಅಂದ ಅವನು, ಕರಿಯೂ ರೀತಿಲೆ ಕರದ್ರ ಸಾಕು, ತಲಿ ಎತ್ತು ಅನ್ನಂಗ ಒಂದು ಕೂಗು ಅದ, ಅದನ್ನ ಬಾಯಿಂದ ಹೇಳಿ ತಿಳಿಸಾಕ ಬರಂಗಿಲ್ಲ, ಮಾಡಿ ತೋರಿಸಬೇಕು. ತೋರಸ್ರಿ ಹಂಗಾರ.

ಯಮನೂರಪ್ಪ ಎರಡೂ ಕೈಯನ್ನು ಬಾಯಿಗೆ ತಂದ, ಎದೆ ತುಂಬಿಕೊಳ್ಳಲು ನೋಡಿದ, ಎದೆ ತುಂಬಲಿಲ್ಲ, ಒಳಗೆ ಜಾಗವೇ ಇಲ್ಲ, ನೀರು ಮೊದಲೇ ಬಂದು ಕೂತಿದೆ, ಗಂಟಲಿನಿಂದ ಗರಗರ ಅನ್ನುವ ಒಂದು ಸದ್ದು, ಇನ್ನೊಮ್ಮೆ ನೋಡಿದ, ಮುಖ ಕಪ್ಪಾಯಿತು, ಭುಜ ಏರಿ ಇಳಿಯಿತು, ಯಂಕಮ್ಮ ಓಡಿ ಬಂದು ಅವನ ಬಾಯಿಗೆ ತನ್ನ ಕೈ ಅಡ್ಡ ಇಟ್ಟಳು, ಬಳೆಗಳು ಅವನ ಮೀಸೆಗೆ ತಾಕಿ ಸದ್ದಾದವು, ಸಾಕು ಬಿಡೋ ಯಪ್ಪಾ, ಅಂದಳು. ಅವನು ಆ ಕೈಯನ್ನು ಸರಿಸಿ ಮೂರನೇ ಸಲ ನೋಡಿದ. ಬರಲಿಲ್ಲ. ಸಾಯಲು ಹೆದರದ ಮನುಷ್ಯನ ಕಣ್ಣಲ್ಲಿ ಕುಬ್ರಾ ಬೇಗಂ ಆಗ ಮೊದಲ ಸಲ ಹೆದರಿಕೆ ಕಂಡಳು, ಅರವತ್ತು ವರ್ಷ ಗುಡ್ಡದಿಂದ ಗುಡ್ಡಕ್ಕೆ ಹೋದ ದನಿ, ಕೃಷ್ಣೆಯ ಈ ದಂಡೆಯಲ್ಲಿ ಕೂಗಿದರೆ ಆ ದಂಡೆಯ ಕುರಿ ತಲೆ ಎತ್ತುತ್ತಿದ್ದ ದನಿ, ಈ ಅಂಗಳವನ್ನೂ ದಾಟಲಿಲ್ಲ. ಯಂಕಿ, ನನ್ನ ದನಿ ಹೋತು, ಅಂದ ಅವನು ಹೆಂಡತಿಗೆ, ಸಣ್ಣಗೆ. ಹೋಗಿಲ್ಲ, ಅಂದಳು ಕುಬ್ರಾ, ಈಗ ಅವಳ ದನಿಯಲ್ಲಿ ಕರುಣೆ ಇರಲಿಲ್ಲ, ಸಂತೆಯ ಕಟ್ಟೆಯಲ್ಲಿ ಕೈ ಎಳೆದುಕೊಳ್ಳುವವರಿಗೆ ಹಾಕುತ್ತಿದ್ದ ದನಿ, ಅದು ನೀರಿನ ಕೆಳಗ ಅದ, ಅಷ್ಟs, ಏಳು ದಿನದ ನೀರು, ನೀವು ಸಾಯೂದು ಬಿಡೂದು ನಿಮಗ ಬಿಟ್ಟದ್ದು, ನಾ ಯಾರು ಹೇಳಾಕ, ಆದ್ರ ಆ ಕುರಿ ನಿಲ್ಲಿಸಿದವರು ನೀವು, ನಾ ಓಡಸ್ತಿದ್ದೆ, ನೀವು ಓಡಂಗಿಲ್ಲ ಅಂದ್ರಿ, ನಿಲ್ಲಿಸಿ ಹಂಗs ಬಿಟ್ಟು ಹೋಗ್ತೀರೇನು, ಅವು ಎಷ್ಟು ದಿನ ನಿಲ್ಲಬೇಕು. ಅವನು ಅಂಗಳದ ಆಚೆ ಟಂಟಂ ನೋಡಿದ. ನೀರು ತಗದ್ರ ದನಿ ಬರತದೇನು, ಅಂದ. ಬರತದ, ಅಂದಳು, ಬರುತ್ತದೆಯೋ ಇಲ್ಲವೋ ಅವಳಿಗೇನು ಗೊತ್ತು, ಬರಲೇಬೇಕು, ಬರದೆ ಎಲ್ಲಿಗೆ ಹೋಗುತ್ತದೆ. ಯಂಕೀ, ನನ್ನ ರುಮಾಲು ತಾ, ಅಂದ ಯಮನೂರಪ್ಪ.

ಶಾಕಿರ್ ಅವನನ್ನು ಎತ್ತಿಯೇ ಕೂರಿಸಿದ, ಒಂದು ಕಡೆ ಯಂಕಮ್ಮ, ಒಂದು ಕಡೆ ಅವಳು, ನಡುವೆ ಅವನು ನೆಟ್ಟಗೆ, ಸಿರವಾರದ ಲಾರಿಗಳು ಹೇಗೆ ದಾಟಿದವೋ, ಕಲ್ಮಲ ಹೇಗೆ ದಾಟಿತೋ, ಅವನ ಪ್ರತಿ ಉಸಿರನ್ನು ಅವಳು ತನ್ನ ಭುಜದಿಂದ ಲೆಕ್ಕ ಹಿಡಿದಳು, ತೆಗೆದುಕೋ, ಬಿಡು, ತೆಗೆದುಕೋ, ಬಿಡು, ತನ್ನ ಮೀನಖಂಡ ಮತ್ತೆ ತಿರುಚಿದ್ದು, ಕಣ್ಣು ಕತ್ತಲೆ ಬಂದದ್ದು, ಶಾಕಿರ್ ಕನ್ನಡಿಯಲ್ಲಿ ಅಮ್ಮೀ ಅಂದದ್ದು ಎಲ್ಲ ದೂರ ಎಲ್ಲೋ, ನಡಿ ನಡಿ ಅಂತ ಕೈ ಬೀಸಿದಳು, ಅವನು ಒಮ್ಮೆ ಮಾತ್ರ ಕಣ್ಣು ತೆರೆದು, ಅಲ್ಲೇ ನಿಂತಾವ, ಅಂದ, ಅವಳು ಹೂಂ ಅಂದಳು. ನಾಲ್ಕೂವರೆಗೆ ಆಸ್ಪತ್ರೆ, ಪ್ರಭುರಾಜ ಬಾಗಿಲಲ್ಲೇ ಇದ್ದ, ಪಾದ ಒತ್ತಿ ನೋಡಿ ನಾಲಿಗೆ ಕಚ್ಚಿಕೊಂಡ, ಆಮ್ಲಜನಕದ ನಳಿಕೆ ಮೂಗಿಗೆ ಸಿಕ್ಕಿಸಿದ, ಡಾಕ್ಟರಮ್ಮ ಬಂದು ಎದೆ ನೋಡಿ, ಇನ್ನೊಂದು ದಿನ ಬಿಟ್ಟಿದ್ರ ತರೂದs ಬೇಕಿರಲಿಲ್ಲ, ಅಂದರು, ಸೂಜಿ ತಂದಾಗ ಯಮನೂರಪ್ಪ ತಾನೇ ಕೈ ಚಾಚಿದ, ಇತ್ತ ಅವಳ ಕಡೆ ತಿರುಗಲಿಲ್ಲ, ಯಾರೂ ಏನೂ ಹೇಳಬೇಕಾಗಲಿಲ್ಲ, ಸೂಜಿ ಹೋಗುವುದನ್ನು ಕಣ್ಣು ಬಿಟ್ಟುಕೊಂಡು ನೋಡಿದ. ಈಗ ಯಂತ್ರ ತಿರುಗುತ್ತಿದೆ, ಒಂದು ತಾಸಾಯಿತು, ಒಂದೂವರೆ, ಕಿಟಕಿಯ ಬಿಸಿಲು ಎದ್ದು ಹೋಗಿದೆ, ಯಂಕಮ್ಮ ಅವನ ಕಾಲ ಹತ್ತಿರ ಕೂತಿದ್ದಾಳೆ, ಎಷ್ಟು ತಗದಿರಿ ಅಂತ ಗಳಿಗೆಗೊಮ್ಮೆ ಪ್ರಭುರಾಜನನ್ನು ಕೇಳುತ್ತಾಳೆ, ಅವನು ಬೆರಳಲ್ಲಿ ಲೀಟರು ತೋರಿಸುತ್ತಾನೆ, ಭುಜ ಮೊದಲಿನಷ್ಟು ಏರುತ್ತಿಲ್ಲ, ತಲೆಯ ಕಡೆಯ ಒರಗು ಇಳಿಸಿದ್ದಾರೆ, ಏಳು ದಿನಕ್ಕೆ ಮೊದಲ ಸಲ ಬೆನ್ನು ಹಾಸಿಗೆಗೆ ಹತ್ತಿದೆ, ನಿದ್ದೆ ಹೋಗಿದ್ದಾನೆ. ಮನೆಗೆ ಹೋಗು ಅಂತಾರೆ ಎಲ್ಲರೂ, ಪ್ರಭುರಾಜ, ಶಾಕಿರ್, ಡಾಕ್ಟರಮ್ಮ, ಹೋಗುವುದಿಲ್ಲ, ಗೋಡೆಯ ಬದಿಯ ಬೆಂಚಿನ ಮೇಲೆ ಅವಳು ಕೂತಿದ್ದಾಳೆ, ಮುಂದಿನದು ನೆನೆಯಲು ನೋಡುತ್ತಾಳೆ, ಬಿಜಲಿಯನ್ನು ಕರೆಯುತ್ತಾಳೆ, ಬರುವುದಿಲ್ಲ, ಗಗನಮಲ್ಲನನ್ನು ಕರೆಯುತ್ತಾಳೆ, ಅವನೂ ಎಲ್ಲೋ ನಿಂತಿದ್ದಾನೆ ಮುಗಿಲು ಹೊತ್ತು, ಅಲ್ಲೋಲ ಬಂದ, ಗೆರೆ ಅಳಿಸಿದ, ಕಲ್ಲೋಲ ಬಂದ, ಎಲ್ಲ ಕಲಸಿದ, ನೆಲ ನೀರು ಒಂದಾಯಿತು, ಆ ನಡುವೆ ಕುರಿ, ಎಲ್ಲ ತಲೆ ಒಳಗೆ, ಎಲ್ಲ ಬೆನ್ನು ಹೊರಗೆ, ಗುಂಡಗೆ, ಅಲ್ಲೋಲ ಸುತ್ತ ತಿರುಗಿದ, ಅಳಿಸಲು ಗೆರೆ ಸಿಗಲಿಲ್ಲ, ಕಲ್ಲೋಲ ಕೈ ಹಾಕಿದ, ಕಲಸಲು ಬರಲಿಲ್ಲ, ತಲೆ ಒಳಗೆ, ಬೆನ್ನು ಹೊರಗೆ, ಒಂದೂ ಸದ್ದಿಲ್ಲ, ಆಮೇಲೆ ಏನು, ಆಮೇಲೆ ಗೊತ್ತಿಲ್ಲ, ಅವಳಿಗೆ ಗೊತ್ತಿಲ್ಲ, ಅವನು ಎದ್ದು ಕೂಗಿ ತೋರಿಸಬೇಕು, ಹೊರಗಿನ ಬದಿಗೆ ಆ ಮುದಿ ಕುರಿ, ಅದರ ಒಂದು ಕಿವಿ, ಒಂದೇ ಕಿವಿ, ಹೊರಗೆ ತಿರುಗಿ ನಿಂತದ್ದು